ಸುರಂಗದ ಬಾಯಲ್ಲಿ ಕಾಯುವವನು

ಘಟ್ಟದ ಮೇಲಿನ ಬಯಲು ಊರುಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ಬಾವಿ ತೋಡುವಾಗ ಹಗ್ಗ ಎಳೆಯಲು ಹತ್ತು ಕೈ ಕೂಡುತ್ತವೆ. ನಮ್ಮ ಕಾಸರಗೋಡಿನ ಪಡ್ರೆ, ಎಣ್ಮಕಜೆ, ಬಾಯಾರು ಕಡೆ ಹಾಗಲ್ಲ. ಗುಡ್ಡದ ಬುಡದಲ್ಲಿ ಒಂದೇ ಮನೆ, ಸುತ್ತ ಅಡಿಕೆ ತೋಟ. ಆಚೆಮನೆಯವರನ್ನು ಕರೆಯಲು ಕೂಗು ಹಾಕಬೇಕು. ಇಂಥ ಒಂಟಿ ಮನೆಗಳಿಗೆ ನೀರು ಕೊಟ್ಟದ್ದು ಸುರಂಗ, ಅದನ್ನು ತೋಡಲು ಎಲ್ಲಿಂದಲೋ ಬಂದ ಒಬ್ಬ ಅಪರಿಚಿತ.

ಸುರಂಗವೆಂದರೆ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಬಾವಿ. ಎತ್ತರ ಸುಮಾರು 6 ಅಡಿ, ಅಗಲ 2ರಿಂದ 2.5 ಅಡಿ. ಅಗಲ ಹೆಚ್ಚಿಸಿದರೆ ಮೇಲಿನ ಛಾವಣಿ ಕುಸಿಯುತ್ತದೆ, ಹಾಗಾಗಿ ಒಳಗೆ ಒಬ್ಬನಿಗೇ ಜಾಗ. ಅವನು ಪಿಕ್ಕಾಸಿನಲ್ಲಿ ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ, ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾನೆ. ಎರಡನೇ ಆಳಿಗೆ ದುಡ್ಡಿಲ್ಲದ ಮನೆಯಲ್ಲಿ ಆ ಇನ್ನೊಬ್ಬ ಯಜಮಾನನೇ.

ಒಳಗಿನ ದೀಪ ಬೆಳಕಿಗಷ್ಟೇ ಅಲ್ಲ. ಉರಿ ಸಣ್ಣಗಾದರೆ ಗಾಳಿ ಸಾಲದು ಎಂದರ್ಥ. ಆರುವವರೆಗೆ ಕಾಯದೆ ಹೊರಬರಬೇಕು. ಉದ್ದ ಹೆಚ್ಚಾದರೆ ಮೇಲಿನಿಂದ ಗಾಳಿಕಿಂಡಿ ತೆಗೆಯಬೇಕು. ಪಿಕ್ಕಾಸಿನ ಸದ್ದು ನಿಂತಿತೋ, ಹೊರಗಿನವನು ಕೂಡಲೇ ಕರೆಯಬೇಕು. ಒಬ್ಬನದು ಮಲಯಾಳ, ಇನ್ನೊಬ್ಬನದು ಕನ್ನಡ, ನಡುವೆ ಹರಕು ತುಳು; ಓಗೊಡಲು ಅಷ್ಟು ಸಾಕು. ಮುರಕಲ್ಲು ಮುಗಿದು ಶೇಡಿಮಣ್ಣು ಎಂಬ ಮೆತ್ತನೆಯ ಜೇಡಿ ಸಿಕ್ಕಿದರೆ ಅಪಾಯ, ನೀರು ಹೀರಿದ ಹಾಗೆಲ್ಲ ಅದು ಜರಿಯುತ್ತದೆ. ಅಲ್ಲಿ ದಿಕ್ಕು ತಿರುಗಿಸಬೇಕೋ ಕೆಲಸ ಬಿಡಬೇಕೋ ಎಂಬ ತೀರ್ಮಾನ ಒಳಗಿರುವವನದೇ ಆಗಬೇಕು. ಯಜಮಾನನ ಹಣ ಎಷ್ಟು ಮುಳುಗಿದ್ದರೂ ಸರಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ತೋಡಲು ಬೇಸಗೆಯೇ ತಕ್ಕದ್ದು. ಮಳೆಗಾಲದ ಒರತೆ ನಂಬಿಸಿ ಕೈಕೊಡುತ್ತದೆ. ನೆಲ ಒಳಹೋದಂತೆ ತುಸು ಏರುತ್ತಿರಬೇಕು, ಆಗ ನೀರು ತಾನಾಗಿ ಹೊರಗೆ ಹರಿಯುತ್ತದೆ. ಬಾಯಿಗೆ ಮಣ್ಣಿನ ಕಟ್ಟ ಹಾಕಿ ಪೈಪಿಗೆ ಬಿಡುತ್ತಾರೆ, ಹಿಂದೆ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಗೆ. ಪಂಪೂ ಬೇಡ, ಕರೆಂಟೂ ಬೇಡ.

ಈಗ ಘಟ್ಟದ ಮೇಲೂ ನಮ್ಮ ಕಡೆಯೂ ಬೋರ್‌ವೆಲ್ ಲಾರಿಯೇ ಬರುತ್ತದೆ. ಒಂದು ರಾತ್ರಿಯಲ್ಲಿ ನೂರಾರು ಅಡಿ ಇಳಿದು, ಬೆಳಗಾಗುವಾಗ ಹೊರಟುಹೋಗುತ್ತದೆ. ಕೊರೆದವನ ಹೆಸರು ಕೇಳಲೂ ಪುರುಸೊತ್ತಿಲ್ಲ. ಸುರಂಗ ತೋಡಿದವನನ್ನು ಹಾಗೆ ಮರೆಯಲಾಗದು. ಒಳಗೆ ಉದುರಿದ ಮಣ್ಣನ್ನು ಆಗಾಗ ತೆಗೆಸುತ್ತಿರಬೇಕು, ಎಲ್ಲಿ ತಿರುವು, ಎಲ್ಲಿ ಶೇಡಿ ಎಂಬುದು ಅವನಿಗೇ ಗೊತ್ತು. ಅವನು ಒಳಗಿಳಿದ ದಿನ ಯಜಮಾನ ಪೇಟೆಗೆ ಹೋಗಬಾರದು, ಬಾಯಲ್ಲೇ ನಿಂತಿರಬೇಕು.