ಸ್ಟೆಬಿಲೈಸರ್ ಹಾಕಿದರಷ್ಟೇ ಸಾಲದು
ಹಿಮದ ಮೇಲೆ ಓಡಿಸುವ ಸ್ನೋಮೊಬೈಲನ್ನು ಬೇಸಿಗೆಗೆ ಎತ್ತಿಡುವ ಮುಂಚೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿಯೇ. ಆದರೆ ಹಾಕಿ ಸುಮ್ನೆ ಬಿಟ್ಟರೆ ಅದು ಟ್ಯಾಂಕಿನಲ್ಲೇ ಉಳಿಯುತ್ತದೆ. ಐದಾರು ನಿಮಿಷ ಎಂಜಿನ್ ಓಡಿಸಿದರೆ ಮಾತ್ರ ಕಾರ್ಬ್ಯುರೇಟರ್‌ವರೆಗೂ ತಲುಪುತ್ತದೆ. ಒಂದು ವರ್ಷ ನಾನು ಇದನ್ನು ಮರೆತೆ. ಮೊದಲ ಹಿಮ ಬಿದ್ದ ದಿನ ಗೆಳೆಯರೆಲ್ಲ ಸವಾರಿ ಹೊರಟರು, ನಾನು ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ, ಅಂಟು ಕಟ್ಟಿದ ಸಣ್ಣ ಜೆಟ್‌ಗಳನ್ನು ತೊಳೆಯುತ್ತಾ ಕೂತೆ!

ಇಲಿಗಳ ವಿಷಯ ಹೇಳಲೇ ಇಲ್ಲವಲ್ಲ? ಎಂಜಿನ್ನಿಗೆ ಗಾಳಿ ಹೋಗುವ ಪೆಟ್ಟಿಗೆ, ಏರ್‌ಬಾಕ್ಸ್, ಅಂದರೆ ಅವಕ್ಕೆ ಬಾಣಂತಿ ಕೋಣೆ. ಗಾಳಿ ಒಳಗೆ ಹೋಗುವ ಬಾಯಿಗೂ ಎಕ್ಸಾಸ್ಟ್‌ಗೂ ಬಟ್ಟೆ ತುರುಕಿ. ಸ್ಟಾರ್ಟ್ ಮಾಡುವ ಮುಂಚೆ ತೆಗೆಯಲು ಹ್ಯಾಂಡಲ್‌ಗೊಂದು ಚೀಟಿ ಕಟ್ಟಿಡಿ. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೆ ದಾಟಿಸುವ ಡ್ರೈವ್ ಬೆಲ್ಟನ್ನೂ ಬಿಚ್ಚಿಡಿ. ಬಿರುಕು ಬಿಟ್ಟಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ.