ಕೊನೆ ಪುಟದ ಅತ್ತೆ

ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿ ಓದುವುದು ಆರಿ ಮೆತ್ತಗಾದ ಮಿರ್ಚಿ ತಿಂದ ಹಾಗೆ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆಗೇನೋ ಹೋಗುತ್ತದೆ, ಯಾಕಾದರೂ ತಿಂದೆನೋ ಅನಿಸುತ್ತದೆ. ಈ ಭಾನುವಾರ ನನಗಾದದ್ದು ಅದೇ. ಕಾದಂಬರಿಯಲ್ಲಿ ಧೋ ಅಂತ ಮಳೆ. ಕರೆಂಟಿಲ್ಲ. ನಾಯಕಿ ಟಾರ್ಚ್ ಹಿಡಿದು ಹಳೇ ಬಂಗಲೆಯ ಮೆಟ್ಟಿಲು ಇಳಿಯುತ್ತಿದ್ದಾಳೆ. ಅಷ್ಟರಲ್ಲಿ ನಮ್ಮ ಅಡುಗೆಮನೆಯಿಂದ ಕೊಲೆಗಾರ ಯಾರೆಂಬುದು ಕೇಳಿಸಿತು. ಅದೂ ಸ್ಪೀಕರ್ ಫೋನಿನಲ್ಲಿ.

ನಮ್ಮ ಮನೆಯಲ್ಲಿ ಬಾಡಿಗೆ ಲೈಬ್ರರಿಯಿಂದ ಬರುವ ಪುಸ್ತಕ ಒಂದು, ಓದುವವರು ಇಬ್ಬರು. ಮಧ್ಯಾಹ್ನ ಊಟ ಆದ ಮೇಲೆ ಅತ್ತೆ ಪಾಳಿ. ರಾತ್ರಿ ಪಾತ್ರೆ ತೊಳೆದ ಮೇಲೆ ನನ್ನದು. ಇಬ್ಬರಿಗೂ ಬೇಕಾದದ್ದು ಒಂದೇ ನಮೂನೆಯ ಕತೆ. ಪ್ರೀತಿಯೂ ಇರಬೇಕು, ಹೆಣವೂ ಬೀಳಬೇಕು. ಪ್ರೀತಿಸಿದವನೇ ಕೊಲೆಗಾರನಾ ಅಂತ ಹುಡುಗಿಗೆ ಅನುಮಾನ ಬರಬೇಕು. ಅಲ್ಲಿಗೆ ನಮ್ಮಿಬ್ಬರ ಹೊಂದಾಣಿಕೆ ಮುಗಿಯಿತು. ಯಾಕಂದರೆ ನಮ್ಮತ್ತೆ ಪುಸ್ತಕ ಕೈಗೆ ಬಂದ ಕೂಡಲೇ ಕೊನೆ ಪುಟ ಓದುತ್ತಾರೆ. ಆಮೇಲೆ ಮೊದಲ ಪುಟಕ್ಕೆ ಬಂದು ನೆಮ್ಮದಿಯಾಗಿ ಶುರು ಮಾಡುತ್ತಾರೆ.

ಓದಿಕೊಳ್ಳಲಿ, ಅದು ಅವರಿಷ್ಟ. ಆದರೆ ಗೊತ್ತಿರುವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವರ ಕೈಲಾಗುವುದಿಲ್ಲ. "ನಾನೇನೂ ಹೇಳಲ್ಲವ್ವಾ" ಅನ್ನುತ್ತಾರೆ. ನಿಜ, ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಲೊಚಗುಟ್ಟುತ್ತಾರೆ.

ನಾನು ಪುಸ್ತಕ ತೆಗೆದು ಕೂತರೆ ಸಾಕು, ನೀರು ಕುಡಿಯುವ ನೆಪದಲ್ಲಿ ಬಂದು ಎಷ್ಟನೇ ಪುಟ ಅಂತ ಬಗ್ಗಿ ನೋಡುತ್ತಾರೆ. "ಓ, ಅಣ್ಣ ಬೊಂಬಾಯಿಯಿಂದ ಬಂದ್ನಾ?" ಅಂತಾರೆ. ಹೂಂ ಅಂದರೆ ಒಂದು ಸಲ ಲೊಚ್. ಮುಗಿಯಿತು ಅಣ್ಣನ ಕತೆ, ಮೂರು ಅಧ್ಯಾಯದೊಳಗೆ ಹೆಣ. ಎರಡು ಸಲ ಲೊಚಗುಟ್ಟಿದರೆ ಸಾವಿಲ್ಲ, ಮದುವೆ ಮುರಿಯುತ್ತದೆ. ಲೊಚಗುಟ್ಟದೆ ಫ್ಯಾನ್ ಕಡೆ ನೋಡುತ್ತಾ "ಹೂಂ... ಓದು ಓದು" ಅಂದರೆ ಆ ಆಸಾಮಿ ಮೇಲೆ ಒಂದು ಕಣ್ಣಿಡಬೇಕು. ಪೊಲೀಸರಿಗಿಂತ ಮೊದಲೇ ನನಗೆ ಎಲ್ಲ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಓದಲಂತೂ ಆಗುವುದಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡೆ. ಆವತ್ತಿನಿಂದ ಎದುರಿಗೇ ಬಂದು ಕೂತು ಲೊಚಗುಟ್ಟತೊಡಗಿದರು.

ಈ ಕತೆಗಳಲ್ಲಿ ಗುಟ್ಟು ಉಳಿಸುವುದೇ ಕಷ್ಟ, ಅದು ಬೇರೆ. ಹುಬ್ಬು ಗಂಟಿಕ್ಕಿಕೊಂಡು ಯಾರ ಹತ್ತಿರವೂ ಮಾತಾಡದ ಎಸ್ಟೇಟ್ ಯಜಮಾನ ಕೊನೆಗೆ ಒಳ್ಳೆಯವನೇ ಆಗಿರುತ್ತಾನೆ. ನಗುನಗುತ್ತಾ ಶಾಲು ಹೊದಿಸುವವನನ್ನು ನಂಬಬಾರದು. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನ ಒಬ್ಬ ಪಾದ್ರಿ, ತಾನೂ ಪತ್ತೇದಾರಿ ಕತೆ ಬರೆಯುತ್ತಿದ್ದವನು, 1929ರಲ್ಲಿ ಇಂಥ ಕತೆಗಳಿಗೆ ಹತ್ತು ನಿಯಮ ಮಾಡಿದ. ಅಪರಾಧಿ ಕತೆಯ ಶುರುವಿನಲ್ಲೇ ಬಂದು ಹೋಗಿರಬೇಕು. ಗುಪ್ತ ಕೋಣೆ ಒಂದಕ್ಕಿಂತ ಜಾಸ್ತಿ ಇರಬಾರದು. ಅವಳಿ ಜವಳಿಯನ್ನು ದಿಢೀರಂತ ತರಬಾರದು. ಎಲ್ಲ ಸರಿ, ಓದುವವಳ ಮನೆಯಲ್ಲಿ ಅತ್ತೆ ಇರಬಾರದು ಅನ್ನುವುದು ಆ ಪಾದ್ರಿಗೆ ಹೊಳೆಯಲಿಲ್ಲ.

ಇಂಥ ಕತೆಗಳೆಲ್ಲ ಮಲೆನಾಡಿನಲ್ಲೇ ಯಾಕೆ ನಡೆಯುತ್ತವೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ನಮ್ಮೂರಲ್ಲಿ ನಡೆಯಲು ಸಾಧ್ಯವೇ ಇಲ್ಲ. ಮಂಜಿಲ್ಲ, ಕಾಡಿಲ್ಲ. ನಾಯಕಿ ಸದ್ದಿಲ್ಲದೆ ಮನೆ ಬಿಟ್ಟು ಹೊರಟಳು ಅಂತಿಟ್ಟುಕೊಳ್ಳಿ. ಗೇಟು ದಾಟುವುದರೊಳಗೆ ಮೂರು ಮನೆಯವರು "ಎಲ್ಲಿಗೆ ಹೊಂಟ್ರಿ?" ಅಂತ ಕೇಳಿರುತ್ತಾರೆ. ಕೊಲೆಗಾರನಾದರೂ ತಪ್ಪಿಸಿಕೊಳ್ಳುವುದು ಹೇಗೆ? ಅಶೋಕ ರಸ್ತೆಯ ರೈಲ್ವೆ ಗೇಟು ಊರಿಗೆ ಊರನ್ನೇ ವರ್ಷಗಟ್ಟಲೆ ನಿಲ್ಲಿಸಿ ಕಾಯಿಸಿದೆ. ಅವನೊಬ್ಬನನ್ನು ಬಿಡುತ್ತಿತ್ತಾ?

ಇರಲಿ. ಲೊಚಗುಟ್ಟುವುದು ತಡೆಯಲಾರದೆ ನಾನು ಕೊನೆಯ ಪುಟಗಳಿಗೆ ಸ್ಟೇಪ್ಲರ್ ಹೊಡೆದೆ. ಸಂಜೆ ಬಂದು ನೋಡಿದರೆ ಪುಟಗಳು ಬಿಚ್ಚಿವೆ. ಅತ್ತೆ ಬಳೆಯಲ್ಲಿ ಸಿಕ್ಕಿಸಿಕೊಂಡಿರುವ ಪಿನ್ನು ಇಂಥದ್ದಕ್ಕೆಲ್ಲ ಬರುತ್ತದೆ. ಕಿತ್ತ ಸ್ಟೇಪ್ಲರ್ ಪಿನ್ನುಗಳನ್ನು ಬಿಸಾಡಿಯೂ ಇರಲಿಲ್ಲ. ಖಾಲಿ ಕುಂಕುಮದ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಜೋಡಿಸಿ, "ಮತ್ತೆ ಬೇಕಾದ್ರೆ ಹೊಡಕೋ ಅಂತ ಇಟ್ಟೀನವ್ವಾ" ಅಂದರು.

ಈ ಸಲದ ಪುಸ್ತಕದಲ್ಲಿ ದೇವರೇ ಒಂದು ದಾರಿ ತೋರಿಸಿದ. ಪುಸ್ತಕ ಅಚ್ಚಾಗುವುದು ಸಾಮಾನ್ಯವಾಗಿ ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಮಡಿಸಿದ 16 ಪುಟದ ಕಟ್ಟು. ಬಾಡಿಗೆ ಪುಸ್ತಕ ಹತ್ತು ಕೈ ದಾಟುವ ಹೊತ್ತಿಗೆ ಹೊಲಿಗೆ ಸಡಿಲವಾಗಿ ಮೊದಲು ಕಳಚುವುದೇ ಮುಂದಿನ ಫಾರಂ ಇಲ್ಲವೇ ಹಿಂದಿನ ಫಾರಂ. ಇದರಲ್ಲಿ ಹಿಂದಿನದು ಆಗಲೇ ಜೋತಾಡುತ್ತಿತ್ತು. ಅದನ್ನು ಮೆಲ್ಲಗೆ ಬಿಡಿಸಿ ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಶನಿವಾರ ಇಡೀ ದಿನ ಅತ್ತೆ ಮಂಕಾಗಿದ್ದರು. ರೊಟ್ಟಿ ಬಡಿಯುವಾಗಲೂ ಜೋರಿಲ್ಲ. ಗೆದ್ದೆ ಅಂದುಕೊಂಡೆ.

ಭಾನುವಾರ ಅವರು ಲೈಬ್ರರಿಯವರಿಗೇ ಫೋನ್ ಹಚ್ಚಿದರು. ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್.

"ಅಣ್ಣಾರೆ, ಆ ಎಸ್ಟೇಟಿಂದು ಕೊಟ್ಟಿದ್ರಲ್ಲ, ಕೊನಿಗೆ ಏನಾತ್ರಿ?"

"ಯಾವ ಎಸ್ಟೇಟು ಅಮ್ಮಾ? ಇಲ್ಲಿ ಅರ್ಧ ಅಂಗಡಿ ಎಸ್ಟೇಟಿಂದೇ ಐತಿ."

"ಹಿತ್ತಲಾಗೆ ಬಾವಿ ಇರೋದು."

"ಬಾವಿ ಎಲ್ಲದ್ರಾಗೂ ಐತಿ ಬಿಡ್ರಿ."

"ಹುಡುಗಂಗೆ ಹುಬ್ಬಿನ ಮ್ಯಾಲೆ ಗಾಯದ ಕಲೆ..."

"ಹಾಂ, ಅದಾ! ಹುಡುಗ ಒಳ್ಳೇವ್ನು ಅಮ್ಮಾ. ಡಾಕ್ಟ್ರು ಮಾಡಿದ್ದು ಎಲ್ಲಾ."

"ಯಾರು?"

"ಡಾಕ್ಟ್ರು!"

"ಯಾರ್ರೀ?"

"ಡಾಕ್ಟ್ರು! ಡಾಕ್ಟ್ರು!"

ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕತ್ತು ಹಾಕಿ, "ಯಾರಿಗೆ ಏನಾತ್ರಿ? ಆಟೋ ಕರೀಲಾ?" ಅಂದರು. ಒಳಗೆ ಬಂದೂ ಬಿಟ್ಟರು. ಅತ್ತೆಗೆ ಬಿಪಿ ಜಾಸ್ತಿ ಆಯಿತು ಅಂತಲೇ ಅವರ ಲೆಕ್ಕ. ಅತ್ತೆ ಅವರಿಗೆ ಕಾಫಿ ಕೊಟ್ಟು, ಕೂರಿಸಿಕೊಂಡು, ಡಾಕ್ಟರು ಯಾರು, ಶಾಲಿನ ಮೇಲೆ ಯಾವ ಔಷಧಿ ವಾಸನೆ ಇತ್ತು, ಎಲ್ಲ ಹೇಳಿದರು. ನಾನು ಅಲ್ಲೇ ಪುಸ್ತಕ ಹಿಡಿದು ಕೂತಿದ್ದೆ. ನನ್ನ ನಾಯಕಿ ಇನ್ನೂ ಮೆಟ್ಟಿಲ ಮೇಲೇ ಇದ್ದಳು, ಅದೇ ಡಾಕ್ಟರನ್ನು "ಕಾಪಾಡಿ" ಅಂತ ಕೂಗುತ್ತಾ.

ಸಂಜೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೇಳಿಯೇ ಬಿಟ್ಟೆ. "ಅಲ್ಲ ಅತ್ತೆ, ಕಾಯೋಕೆ ನಿಮಗೇನು ಕಷ್ಟ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಕಾಲ. ಹತ್ತಿ ಮಿಲ್ಲುಗಳ ಸೈರನ್ ಕೇಳಿ ಜನ ಒಲೆ ಹಚ್ಚುತ್ತಿದ್ದರು. ವಾರಪತ್ರಿಕೆಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಓಣಿಯ ಹೆಂಗಸರೆಲ್ಲ ವಾರವಿಡೀ ಅದರ ಮಾತೇ ಆಡುತ್ತಿದ್ದರು. ಕೊನೆ ಪುಟ ತಿರುವಿ ನೋಡೋಣ ಅಂದರೆ ಅದಿನ್ನೂ ಅಚ್ಚೇ ಆಗಿರುತ್ತಿರಲಿಲ್ಲ! ಮುಗಿಯಲು ಇನ್ನೇನು ಎರಡು ಕಂತು ಅನ್ನುವಾಗ ಅತ್ತೆ ಬಾಣಂತನಕ್ಕೆ ಜಗಳೂರು ಕಡೆಯ ತವರಿಗೆ ಹೋದರು. ಆ ಹಳ್ಳಿಗೆ ಪತ್ರಿಕೆ ಬರುತ್ತಿರಲಿಲ್ಲ. ಕೂಸಿನ ಜೊತೆ ವಾಪಸ್ ಬರುವ ಹೊತ್ತಿಗೆ ಆ ಸಂಚಿಕೆಗಳು ಹಳೇ ಪೇಪರಿನವನ ತಕ್ಕಡಿಗೆ ಹೋಗಿದ್ದವು. ಓಣಿಯವರು ಹೊಸ ಧಾರಾವಾಹಿ ಹಿಡಿದಿದ್ದರು. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು.

"ಆ ಹುಡುಗಿ ಮದುವಿ ಆದ್ಲೋ, ಬಾವಿಗೆ ಬಿದ್ಲೋ, ಇವತ್ತಿಗೂ ಗೊತ್ತಿಲ್ಲ ನೋಡವ್ವಾ" ಅಂದರು. ಕೈಯಲ್ಲಿದ್ದ ಮೆಂತ್ಯದ ಕಡ್ಡಿಯನ್ನು ಸೊಪ್ಪಿಗೆ ಹಾಕಿ, ಸೊಪ್ಪನ್ನು ಕಸಕ್ಕೆ ಹಾಕಿದರು. ನಾನು ಏನೂ ಅನ್ನಲಿಲ್ಲ. ಆ ಕೂಸೇ ನಮ್ಮನೆಯವರು. ಅವರು ಇವತ್ತಿನವರೆಗೆ ಒಂದು ಕಾದಂಬರಿ ಮುಟ್ಟಿಲ್ಲ.

ಪಾಪ ಅನಿಸಿತು. ಆದರೆ ನನ್ನ ಡಾಕ್ಟರು ಹೋದದ್ದು ಹೋದನಲ್ಲ, ಆ ಉರಿ ಎಲ್ಲಿಗೆ ಹೋಗಬೇಕು? ಮಲಗುವ ಮುಂಚೆ ಅತ್ತೆಗೆ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಕತೆ ಹೇಳಿದೆ. ಬರೆದದ್ದಲ್ಲ, ನಡೆದದ್ದು. 1926ರ ಡಿಸೆಂಬರ್. ಗಂಡ ಇನ್ನೊಬ್ಬಳ ಹಿಂದೆ ಬಿದ್ದಿದ್ದಾನೆ. ಈಕೆ ರಾತ್ರಿ ಕಾರು ತೆಗೆದುಕೊಂಡು ಹೋದವಳು ನಾಪತ್ತೆ. ಕಾರು ಮಾತ್ರ ಖಾಲಿ ಸಿಕ್ಕಿತು. ದೇಶವೆಲ್ಲ ಹುಡುಕಿತು. 11 ದಿನ ಆದ ಮೇಲೆ ಹ್ಯಾರೊಗೇಟ್ ಅನ್ನುವ ಊರಿನ ಹೋಟೆಲಿನಲ್ಲಿ ಸಿಕ್ಕಳು. ರಿಜಿಸ್ಟರಿನಲ್ಲಿ ಬರೆಸಿದ್ದು ಆ ಇನ್ನೊಬ್ಬಳ ಮನೆತನದ ಹೆಸರು!

"ಅಯ್ಯೋ ಶಿವನೇ! ಯಾಕಂತೆ?"

"ಆಕೆಯ ಆತ್ಮಕತೆಯಲ್ಲೂ ಆ ಸುದ್ದಿಯೇ ಇಲ್ಲ ಅತ್ತೆ. ಈ ಕತೆಗೆ ಕೊನೆ ಪುಟ ಇಲ್ಲ." ಲೊಚಗುಟ್ಟಿ ಲೈಟ್ ಆರಿಸಿದೆ.

ಹತ್ತು ನಿಮಿಷಕ್ಕೆ ಬಾಗಿಲ ಹತ್ತಿರ ಬಳೆ ಸದ್ದು. "ಮಲಗಿದ್ಯೇನವ್ವಾ? ಗಂಡನ್ನಾದ್ರೂ ಕೇಳಬಹುದಿತ್ತಲ್ಲ?" ಎರಡು ವರ್ಷಕ್ಕೆ ವಿಚ್ಛೇದನವೇ ಆಯಿತು ಅಂದೆ. ಹೋದರು. ಮತ್ತೆ ಬಂದರು. "ಅಲ್ಲ, ಪೊಲೀಸ್ರು ಏನಂದ್ರು?" ನಾನು ಮುಸುಕೆಳೆದುಕೊಂಡು ಗೊರಕೆ ಹೊಡೆದ ಹಾಗೆ ಮಾಡಿದೆ. ಸುಖವಾಗಿತ್ತು.

ಅಷ್ಟೊತ್ತಿಗೆ ಪಕ್ಕದಲ್ಲಿ ನಮ್ಮನೆಯವರು ಎದ್ದು ಕೂತರು.

"ಅಲ್ವೇ, ಆ 11 ದಿನದ ಹೋಟೆಲ್ ಬಿಲ್ಲು ಯಾರು ಕಟ್ಟಿದ್ರು?"