ಕ್ಯಾಪ್ಸ್ ಲಾಕಿಗೆ ಬೇರೆ ಕೆಲಸ ಕೊಡಿಸಿದ್ದು

ಮೊನ್ನೆ ಲಿನಕ್ಸ್ ಅಪ್‌ಡೇಟ್ ಆಯಿತು. ಮೊದಲ ನೋಟಕ್ಕೆ ಎಲ್ಲ ಚೆನ್ನಾಗಿಯೇ ಇತ್ತು. ವಿಮ್ ಅನ್ನುವ ಎಡಿಟರ್ ತೆರೆದೆ, ಒಂದು ಸಾಲು ತಿದ್ದಿದೆ, ಎಂದಿನಂತೆ ಕ್ಯಾಪ್ಸ್ ಲಾಕ್ ಒತ್ತಿ ಸೇವ್ ಮಾಡಿ ಹೊರಬರಲು ನೋಡಿದೆ. ಹೊರಗೆ ಬರಲೇ ಇಲ್ಲ. ಬದಲಿಗೆ ಫೈಲಿನ ಕೊನೆಯಲ್ಲಿ ಆ ಆಜ್ಞೆಯ ಡಬ್ಲ್ಯೂ ಮತ್ತು ಕ್ಯೂ ದೊಡ್ಡಕ್ಷರದಲ್ಲಿ ಬಂದು ಕೂತವು.

ನನ್ನ ಲ್ಯಾಪ್‌ಟಾಪಿನಲ್ಲಿ ಕ್ಯಾಪ್ಸ್ ಲಾಕ್ ಅಂದರೆ ಎಸ್ಕೇಪ್. ವರ್ಷಗಟ್ಟಲೆ ಹಾಗೇ ನಡೆದುಕೊಂಡು ಬಂದಿದೆ. ವಿಮ್ ಬಳಸುವವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಬಳಸದವರಿಗೆ ಹೇಳಿ ಪ್ರಯೋಜನವಿಲ್ಲ.

ಹುಡುಕಿದರೆ ಕಾರಣ ಸಿಕ್ಕಿತು. ಅಪ್‌ಡೇಟ್ ನನ್ನನ್ನು ಒಂದು ಮಾತೂ ಕೇಳದೆ, ಪರದೆ ಕೀಬೋರ್ಡು ನೋಡಿಕೊಳ್ಳುತ್ತಿದ್ದ ಎಕ್ಸ್11 ಬಿಡಿಸಿ ಅದೇ ಕೆಲಸ ಮಾಡುವ ವೇಲ್ಯಾಂಡ್‌ಗೆ ಸಾಗಿಸಿತ್ತು. ಎಕ್ಸ್11 ಹುಟ್ಟಿದ್ದು 1987ರಲ್ಲಿ, ವೇಲ್ಯಾಂಡ್ 2008ರಲ್ಲಿ. ಹಳೆಯದು ನಿವೃತ್ತಿ ತಗೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಹೋಗುವಾಗ ಕೀಗಳ ಕೆಲಸ ಬದಲಿಸಿಕೊಡುವ ಎಕ್ಸ್‌ಮೋಡ್‌ಮ್ಯಾಪನ್ನೂ ಜೊತೆಗೆ ಕರೆದುಕೊಂಡು ಹೋಗಬೇಕಿತ್ತಾ?

ಅದಕ್ಕೆ ನಾನು ಬರೆದಿಟ್ಟದ್ದು ಎರಡೇ ಸಾಲಿನ ಫೈಲು. ಕ್ಯಾಪ್ಸ್‌ನ ಲಾಕ್ ತೆಗಿ, ಅಲ್ಲಿ ಎಸ್ಕೇಪ್ ಇಡು, ಅಷ್ಟೇ. ಅದರಲ್ಲೂ ಕಿರಿಕಿರಿ ಇತ್ತು. ಯುಎಸ್‌ಬಿ ಕೀಬೋರ್ಡ್ ಕಿತ್ತು ಮತ್ತೆ ಚುಚ್ಚಿದರೆ ಎಲ್ಲ ಮರೆತುಬಿಡುತ್ತಿತ್ತು. ಆದರೂ ಕಂಪ್ಯೂಟರ್ ಬದಲಾದಾಗಲೆಲ್ಲ ನಾನು ಮೊದಲು ಕಾಪಿ ಮಾಡುತ್ತಿದ್ದದ್ದು ಅದನ್ನೇ. ಫೋಟೋ ಆಮೇಲೆ. ಹಳೆಯ ಡಿಸ್ಕುಗಳು ಸತ್ತವು, ಎಷ್ಟೋ ಪಾಸ್‌ವರ್ಡ್ ಮರೆತುಹೋದವು, ಈ ಎರಡು ಸಾಲು ಮಾತ್ರ ಹಿಂದೆ ಬಿದ್ದು ಬರುತ್ತಲೇ ಇದ್ದವು. ಈಗಲೂ ಹೋಮ್ ಫೋಲ್ಡರಿನಲ್ಲಿದೆ. ಅಳಿಸಲು ಮನಸ್ಸು ಬಂದಿಲ್ಲ.

ಅಷ್ಟಕ್ಕೂ ತಪ್ಪು ನಮ್ಮ ಬೆರಳಿನದ್ದಲ್ಲ. ಬಿಲ್ ಜಾಯ್ 1976ರ ಸುಮಾರಿಗೆ ವಿಮ್‌ನ ಪೂರ್ವಜ ವಿಐ ಬರೆದಾಗ ಬಳಸಿದ್ದು ಎಡಿಎಂ-3ಎ ಅನ್ನುವ ಟರ್ಮಿನಲ್. ಅದರಲ್ಲಿ ಎಸ್ಕೇಪ್ ಇದ್ದದ್ದು ಈಗ ಟ್ಯಾಬ್ ಇರುವ ಕಡೆ, ಕಿರುಬೆರಳಿನ ಪಕ್ಕದಲ್ಲೇ. 1981ರ ಐಬಿಎಂ ಪಿಸಿಯಲ್ಲೂ ಎ ಕೀ ಪಕ್ಕದಲ್ಲಿ ಕಂಟ್ರೋಲ್ ಇತ್ತು. ಕ್ಯಾಪ್ಸ್ ಲಾಕ್ ಸ್ಪೇಸ್‌ಬಾರಿನ ಬಲಕ್ಕೆ, ಯಾರಿಗೂ ತೊಂದರೆ ಕೊಡದ ಮೂಲೆಯಲ್ಲಿ ತೆಪ್ಪಗಿತ್ತು. ಆಮೇಲೆ ಬಂದ 101 ಕೀಗಳ ಕೀಬೋರ್ಡು ಅದನ್ನು ಕರೆತಂದು ಎಲ್ಲಕ್ಕಿಂತ ಒಳ್ಳೆಯ ಜಾಗದಲ್ಲಿ ಕೂರಿಸಿತು. ಅವತ್ತಿನಿಂದ ಅದು ಎದ್ದೇ ಇಲ್ಲ.

ಸರಿ, ವೇಲ್ಯಾಂಡ್‌ನಲ್ಲಿ ಏನು ದಾರಿ? ಬರೀ ಕ್ಯಾಪ್ಸನ್ನು ಎಸ್ಕೇಪ್ ಮಾಡಿದರೆ ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಡೆಸ್ಕ್‌ಟಾಪ್ ಗ್ನೋಮ್ ಆದರೆ ಗ್ನೋಮ್ ಟ್ವೀಕ್ಸ್‌ನಲ್ಲಿ, ಕೆಡಿಇ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಟಿಕ್ ಇದೆ. ಹಾಕಿ, ಹಾಯಾಗಿರಿ. ನನಗೆ ದುರಾಸೆ. ಮುಟ್ಟಿ ಬಿಟ್ಟರೆ ಎಸ್ಕೇಪ್, ಹಿಡಿದುಕೊಂಡರೆ ಕಂಟ್ರೋಲ್, ಎರಡೂ ಆಗಬೇಕು. ಆ ಟಿಕ್‌ಗೆ ಇಷ್ಟು ಬುದ್ಧಿ ಇಲ್ಲ.

ಬುದ್ಧಿ ಇರುವವು ಬೇಕಾದಷ್ಟಿವೆ. ಇನ್‌ಪುಟ್ ರೀಮ್ಯಾಪರ್‌ಗೆ ಕಿಟಕಿ, ಬಟನ್ ಎಲ್ಲ ಇದೆ, ಮೌಸಿನಲ್ಲೇ ಕೆಲಸ ಮುಗಿಯುತ್ತದೆ. ಬ್ರೌಸರಿನಲ್ಲಿ ಒಂದು ಥರ, ಟರ್ಮಿನಲ್‌ನಲ್ಲಿ ಇನ್ನೊಂದು ಥರ ಬೇಕು ಅನ್ನುವವರಿಗೆ ಎಕ್ಸ್‌ರೀಮ್ಯಾಪ್. ಕೆಮೊನಾಡ್ ಬರೆದಿರುವುದು ಹ್ಯಾಸ್ಕೆಲ್ ಭಾಷೆಯಲ್ಲಿ. ಅದರ ದಾರಿಯಲ್ಲೇ ಬಂದ ಕನಾಟಾ ರಸ್ಟ್ ಭಾಷೆಯಲ್ಲಿದೆ. ಇವೆರಡರಲ್ಲಿ ಆವರಣ ಚಿಹ್ನೆಗಳ ಒಳಗೆ ನಿಮ್ಮ ಕೀಬೋರ್ಡನ್ನು ಸಾಲುಸಾಲಾಗಿ ಬರೆಯಬೇಕು, ಆಮೇಲೆ ಅದರ ಮೇಲೊಂದು ಪದರ, ಅದರ ಮೇಲೆ ಮತ್ತೊಂದು. ಶಕ್ತಿ ಭಯಂಕರ, ಒಪ್ಪಿದೆ. ಆದರೆ ಒಂದು ಕೀ ಸರಿಸಲು ಹೋದವನು ಅರ್ಧ ರಾತ್ರಿಯಲ್ಲಿ, ಕೀ ಹಿಡಿದದ್ದು ಅಂತ ಲೆಕ್ಕ ಹಾಕಲು ಇನ್ನೂರು ಮಿಲಿಸೆಕೆಂಡ್ ಸಾಕಾ, ನೂರೆಂಬತ್ತು ಇಡೋಣವಾ ಅಂತ ಯೋಚಿಸುತ್ತಾ ಕೂತಿರುತ್ತಾನೆ. ಕೆಲವರು ಎ, ಎಸ್, ಡಿ, ಎಫ್ ಅಕ್ಷರಗಳಿಗೂ ಹಿಡಿದುಕೊಂಡಾಗ ಬೇರೆ ಕೆಲಸ ಕೊಟ್ಟಿದ್ದಾರೆ. ಅವರ ತಾಳ್ಮೆಗೆ ನಮಸ್ಕಾರ.

ನಾನು ಒಪ್ಪಿಕೊಂಡದ್ದು ಕೀಡಿಯನ್ನು. ಸಿ ಭಾಷೆಯಲ್ಲಿ ಬರೆದದ್ದು, ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುತ್ತದೆ. ನನ್ನ ದುರಾಸೆ ಅದಕ್ಕೆ ಒಂದೇ ಸಾಲು. ಕೆಲಸ ಮಾಡುವುದು ಲಿನಕ್ಸಿನ ತಿರುಳಾದ ಕರ್ನೆಲ್ ಪಕ್ಕದಲ್ಲಾದ್ದರಿಂದ ಎಕ್ಸ್11 ಇರಲಿ, ವೇಲ್ಯಾಂಡ್ ಇರಲಿ, ಕೊನೆಗೆ ಕಪ್ಪು ಪರದೆಯ ಕನ್ಸೋಲ್ ಇರಲಿ, ಅದಕ್ಕೆ ಲೆಕ್ಕಕ್ಕಿಲ್ಲ.

ಒಂದು ತಮಾಷೆ ಗಮನಿಸಿ. ಒಂದು ಪ್ರೋಗ್ರಾಮ್ ಇನ್ನೊಂದರ ಕೀಗಳನ್ನು ಕದ್ದು ಕೇಳಬಾರದು ಅಂತ ವೇಲ್ಯಾಂಡ್ ಅಷ್ಟು ದೊಡ್ಡ ಗೋಡೆ ಕಟ್ಟಿತು. ನಾವು ಗೋಡೆಯ ಕೆಳಗಿನಿಂದ ನುಗ್ಗಿ, ಅಸಲಿ ಕೀಬೋರ್ಡನ್ನು ವಶಕ್ಕೆ ತಗೊಂಡು, ಮೇಲಿನವರಿಗೆ ಒಂದು ಸುಳ್ಳು ಕೀಬೋರ್ಡ್ ತೋರಿಸುವ ಪ್ರೋಗ್ರಾಮನ್ನು ನಾವೇ ಕರೆದು ಕೂರಿಸಿದೆವು. ಅದೂ ಏನು ಬೇಕಾದರೂ ಮಾಡಬಲ್ಲ ರೂಟ್ ಅಧಿಕಾರ ಕೊಟ್ಟು.

ಇಂಥವು ಒಮ್ಮೊಮ್ಮೆ ಕೈಕೊಟ್ಟು ಕೀಬೋರ್ಡ್ ಪೂರ್ತಿ ಮೂಕವಾಗುವುದೂ ಉಂಟು. ಬರೆದವರಿಗೆ ಇದು ಮೊದಲೇ ಗೊತ್ತು. ಅದಕ್ಕೇ ಕೀಡಿಯಲ್ಲಿ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಒಟ್ಟಿಗೆ ಒತ್ತಿದರೆ ಅದು ಸತ್ತು ಹಳೆಯ ಕೀಬೋರ್ಡ್ ವಾಪಸ್ ಬರುತ್ತದೆ. ಕನಾಟಾದಲ್ಲಿ ಎಡಗಡೆಯ ಕಂಟ್ರೋಲ್, ಸ್ಪೇಸ್, ಎಸ್ಕೇಪ್. ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಿ. ಬೇಕಾದ ಹೊತ್ತಿನಲ್ಲಿ ಅದನ್ನು ಟೈಪ್ ಮಾಡಿ ಹುಡುಕಲು ಆಗುವುದಿಲ್ಲ.

ಹೀಗೆ ಎಲ್ಲ ಸುಸೂತ್ರ ಆಯಿತು ಅನ್ನುವಷ್ಟರಲ್ಲಿ ಭಾವ ಬಂದರು.

ಭಾವನಿಗೆ ಆಗಾಗ ನನ್ನ ಲ್ಯಾಪ್‌ಟಾಪ್ ಬೇಕಾಗುತ್ತದೆ. ಅವರ ದೃಷ್ಟಿಯಲ್ಲಿ ಶಿಫ್ಟ್ ಅನ್ನುವ ಕೀಯೇ ಇಲ್ಲ. ದೊಡ್ಡಕ್ಷರ ಒಂದೇ ಬೇಕಾದರೂ ಕ್ಯಾಪ್ಸ್ ಲಾಕ್ ಒತ್ತುತ್ತಾರೆ, ಬಗ್ಗಿ ದೀಪ ಹತ್ತಿತಾ ನೋಡುತ್ತಾರೆ, ಅಕ್ಷರ ಒತ್ತುತ್ತಾರೆ, ಮತ್ತೆ ಕ್ಯಾಪ್ಸ್ ಒತ್ತುತ್ತಾರೆ, ದೀಪ ಆರಿತಾ ನೋಡುತ್ತಾರೆ. ಎಲ್ಲಾ ತೋರುಬೆರಳಿನಲ್ಲೇ. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಅಲ್ವಾ?

ಮೊದಲು ಫೈಲ್ ಸೇವ್ ಮಾಡಲು ಹೋದರು. ಹೆಸರು ಕೇಳುವ ಡಬ್ಬಿ ಬಂತು. ಭಾವ ಕ್ಯಾಪ್ಸ್ ಒತ್ತಿದರು. ಡಬ್ಬಿ ಮಾಯ. ಮತ್ತೆ ಸೇವ್, ಮತ್ತೆ ಡಬ್ಬಿ, ಮತ್ತೆ ಕ್ಯಾಪ್ಸ್, ಮತ್ತೆ ಮಾಯ.

"ಇದ್ಯಾಕೋ ಹೆಸರು ಕೇಳುತ್ತೆ, ಹೇಳೋಕೆ ಬಿಡಲ್ಲ" ಅಂದರು.

"ಶಿಫ್ಟ್ ಹಿಡ್ಕೊಂಡು ಒತ್ತಿ ಭಾವ."

"ಒಂದು ಅಕ್ಷರಕ್ಕೆ ಎರಡು ಬೆರಳು ಯಾಕೋ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಕೀಯಲ್ಲಿ ಎರಡು ಕೆಲಸ ಮಾಡಿಸಲು ವಾರಪೂರ್ತಿ ಒದ್ದಾಡಿದವನಿಗೆ ಆ ಪ್ರಶ್ನೆ ಕೇಳಿದ್ದರು ಪುಣ್ಯಾತ್ಮರು.

ಆಮೇಲೆ ಬ್ರೌಸರಿನಲ್ಲಿ ಕೂತು ಯಾವುದೋ ಕಚೇರಿಗೆ ಇಂಗ್ಲಿಷಿನಲ್ಲಿ ದೂರು ಬರೆಯಲು ಶುರು ಮಾಡಿದರು. ಮೊದಲ ಪ್ಯಾರಾ ಪೂರ್ತಿ ಸಣ್ಣಕ್ಷರದಲ್ಲೇ ಹೋಯಿತು, ದೀಪ ಹತ್ತುತ್ತಿರಲಿಲ್ಲವಲ್ಲ. ಎರಡನೆಯದು "ವಿತ್ ರೆಫರೆನ್ಸ್ ಟು" ಅಂತ ಶುರುವಾಗಬೇಕು. ಡಬ್ಲ್ಯೂ ದೊಡ್ಡದಿಲ್ಲದಿದ್ದರೆ ದೂರಿಗೆ ಮರ್ಯಾದೆ ಏನು? ಈ ದರಿದ್ರ ಕೀ ಬಿಟ್ಟ ತಕ್ಷಣ ತಾನೇ ಕೈಕೊಡುವುದು ಅಂತ ಭಾವ ಈ ಸಲ ಕ್ಯಾಪ್ಸನ್ನು ಬಿಡಲೇ ಇಲ್ಲ. ಬಲವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡಬ್ಲ್ಯೂ ಒತ್ತಿದರು.

ಹಿಡಿದ ಕ್ಯಾಪ್ಸ್ ಅಂದರೆ ಕಂಟ್ರೋಲ್. ಕಂಟ್ರೋಲ್ ಜೊತೆ ಡಬ್ಲ್ಯೂ ಅಂದರೆ ಟ್ಯಾಬ್ ಮುಚ್ಚು. ಕೀಡಿ ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು.

ಭಾವ ಪರದೆ ನೋಡಿದರು. ನನ್ನನ್ನು ನೋಡಿದರು. ಟ್ಯಾಬನ್ನೇನೋ ವಾಪಸ್ ತಂದೆ, ಒಳಗಿದ್ದ ದೂರು ಬರಲಿಲ್ಲ. ಅವರು ಮೊದಲಿನಿಂದ ಬರೆದರು. ಎರಡನೇ ಪ್ಯಾರಾ ಹತ್ತಿರ ಬಂದಾಗ "ಭಾವ, ಬೇಡ" ಅನ್ನುವಷ್ಟರಲ್ಲಿ ಮತ್ತೆ ಅದೇ ಆಯಿತು.

"ನಿನ್ನ ಕೀಬೋರ್ಡ್ ಕೆಟ್ಟಿದೆ ಮಾರಾಯ. ಹೊಸದು ತಗೋ."

ಕೆಟ್ಟಿಲ್ಲ, ಇದು ನನ್ನ ಸಾಧನೆ ಅಂತ ಹೇಗೆ ಹೇಳುವುದು? ಅವರ ಮಾತನ್ನೇ ಅರ್ಧ ಒಪ್ಪಿಕೊಂಡೆ. ಕೀಡಿ ಪ್ರತಿ ಕೀಬೋರ್ಡನ್ನೂ ಅದರ ಐಡಿಯಿಂದ ಗುರುತು ಹಿಡಿಯುತ್ತದೆ. ಐಡಿ ಶುರುವಾಗುವ ಮೊದಲು ಒಂದು ಮೈನಸ್ ಇಟ್ಟರೆ ಆ ಕೀಬೋರ್ಡಿನ ತಂಟೆಗೇ ಹೋಗುವುದಿಲ್ಲ. ಅಟ್ಟದ ಮೇಲಿದ್ದ ಹಳೆಯ ಯುಎಸ್‌ಬಿ ಕೀಬೋರ್ಡು ಇಳಿಸಿ, ಧೂಳು ಒರೆಸಿ, ಮೈನಸ್ ಇಟ್ಟು ಸಿದ್ಧ ಮಾಡಿದೆ. ಕ್ಯಾಪ್ಸ್ ಒತ್ತಿದರೆ ಕ್ಯಾಪ್ಸ್. ದೀಪವೂ ಹತ್ತುತ್ತದೆ, ಹಸಿರು.

ಮುಂದಿನ ಸಲ ಭಾವ ಬಂದಾಗ ಅದನ್ನು ಚುಚ್ಚಿ ಮುಂದಿಟ್ಟೆ. ಎರಡು ಕೀ ಒತ್ತಿ ನೋಡಿದರು.

"ಇದು ಜಾಸ್ತಿ ಸದ್ದು ಮಾಡುತ್ತೆ ಕಣೋ" ಅಂದು ಪಕ್ಕಕ್ಕೆ ಸರಿಸಿ, ಲ್ಯಾಪ್‌ಟಾಪನ್ನೇ ಹತ್ತಿರಕ್ಕೆ ಎಳೆದುಕೊಂಡರು.